ಬಹುವಚನದ ಮಗ

ಮಹಡಿ ಮನೆ,
ಮಾರ್ಚ್ ೧೧, ಶನಿವಾರ

ಚಿರಂಜೀವಿ ತಮ್ಮನಿಗೆ, ನಿನ್ನ ಅಕ್ಕ ಬರೆಯುವುದು.

ಹೇಗಿದ್ದೀಯ? ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯ ತಾನೇ? ತಣ್ಣನೆಯದು ಕುಡಿದರೆ ನಿನಗೆ ಮಾರನೆಯ ದಿನವೇ ದನಿ ಕಟ್ಟುತ್ತದೆ. ಈಗ ಆ ದನಿಯಲ್ಲಿ ಕಂಪನಿಗೂ ಪಾಲಿದೆ, ಹುಷಾರು. ಹೊಟ್ಟೆ, ಬೆನ್ನು, ನಿದ್ದೆ ಎಲ್ಲ ಸರಿಯಾಗಿವೆ ಎಂದುಕೊಂಡಿದ್ದೇನೆ. ಕಾಗದದ ತಲೆಗೆ ಚಿರಂಜೀವಿ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಬರೆದ ಮೇಲೆ ನಗು ಬಂತು. ಹೊಡೆದುಹಾಕುವುದಿಲ್ಲ, ಇರಲಿ. ಯಾಕೆ ನಗು ಬಂತು ಎನ್ನುವುದು ನಿನಗೆ ಕೊನೆಗೆ ತಿಳಿಯುತ್ತದೆ. ನಾವು ಇಲ್ಲಿ ಇರುವ ಹಾಗೆ ಇದ್ದೇವೆ. ಬಾಡಿಗೆ ಏರಿತು, ಎಣ್ಣೆ ಏರಿತು, ಬಸ್ಸಿನ ಚಾರ್ಜು ಏರಿತು. ನಿನ್ನ ಭಾವನ ಸಂಬಳ ಮಾತ್ರ ಅವರು ರಿಪೇರಿ ಮಾಡುವ ಲಿಫ್ಟುಗಳ ಹಾಗೆ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ. ನನ್ನ ಹೊಲಿಗೆ ಅಂಗಡಿಗೆ ಹೊಸ ಬಟ್ಟೆ ತರುವವರೇ ಇಲ್ಲ. ಹಳೆಯದನ್ನು ತಂದು ಇಲ್ಲಿ ಬಿಚ್ಚಿ, ಅಲ್ಲಿ ಹಿಡಿ, ಇನ್ನೊಂದು ವರ್ಷ ಬರೋ ಹಾಗೆ ಮಾಡು ಅನ್ನುತ್ತಾರೆ. ಬಿಚ್ಚಿ ಬಿಚ್ಚಿ ನನಗೀಗ ಮನುಷ್ಯರನ್ನು ಕಂಡರೂ ಹೊಲಿಗೆ ಎಲ್ಲಿ ಸಡಿಲವಾಗಿದೆ ಎಂದೇ ಕಣ್ಣು ಹೋಗುತ್ತದೆ.

ನೀನು ಭಾವನ ಫೋನಿಗೆ ಕಳಿಸಿದ ಮೆಸೇಜು ಓದಿದೆ. ಹೆತ್ತ ತಾಯಿಯೇ ನನ್ನನ್ನು ಕಳ್ಳ ಎಂದಳು, ನೀನೇ ಅವಳ ಕಿವಿ ಊದಿದ್ದೀಯ ಎಂದು ಬರೆದಿದ್ದೀಯ. ಕಿವಿ ಊದಿದ್ದು ನಾನಲ್ಲ, ನೀನು. ದಿನಾ ಸಂಜೆ ಊದಿದ್ದೀಯ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ಈಗ ನನಗೂ ನಂಬಿಕೆ ಬರುವುದಿಲ್ಲ. ಕಾಗದ ವಾಸಿ. ಇದಕ್ಕೆ ದನಿ ಇಲ್ಲ, ಎದುರು ಮಾತಾಡುವುದಿಲ್ಲ.

ನಿನಗೆ ನೆನಪಿರಬೇಕು. ಚಿಕ್ಕವನಿದ್ದಾಗ ಅಮ್ಮ ಬಟ್ಟೆ ಒಗೆಯಲು ಕೂತರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಥೆ ಶುರುಮಾಡುತ್ತಿದ್ದೆ. ತಲೆ ಇಲ್ಲ, ಬಾಲ ಇಲ್ಲ, ಬರೀ ಮಾತು. ಅದಕ್ಕೇ ಅಪ್ಪ ನಿನ್ನನ್ನು ಮಾತಿನಮಲ್ಲ ಎಂದು ಕರೆದರು, ಕೊನೆಗೆ ಮಲ್ಲ ಎಂದೇ ಉಳಿಯಿತು. ನಿನ್ನ ಪ್ರತಿ ಮಾತಿಗೂ ಅಮ್ಮ ಹೂಂ ಅನ್ನಬೇಕು. ಒಂದು ಹೂಂ ತಪ್ಪಿದರೆ ಮುಖ ಊದಿಸಿಕೊಂಡು ಗೋಡೆಗೆ ತಿರುಗುತ್ತಿದ್ದೆ. "ಹೂಂ ಅನ್ನದಿದ್ರೆ ಕಥೆ ದಾರಿ ತಪ್ಪುತ್ತೆ" ಎಂದು ಕಲಿಸಿದವಳೂ ಅವಳೇ. ಒಮ್ಮೆ ನಾನೂ ಕಥೆ ಹೇಳಲು ಹೋಗಿದ್ದೆ, ಬಕೆಟ್ ತುಂಬಿತಾ ನೋಡು ಎಂದಳು. ಇರಲಿ. ಒಟ್ಟಿನಲ್ಲಿ ಅಮ್ಮನ ಹೂಂ ಎಂದರೆ ಒಪ್ಪಿಗೆಯಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳು ಎಂದರ್ಥ. ಈ ಮನೆಯಲ್ಲಿ ಹುಟ್ಟಿದವರಿಗೆಲ್ಲ ಅದು ಗೊತ್ತು. ಗೊತ್ತಿರಬೇಕಾಗಿದ್ದ ನೀನು ಹೋಗಿ ದನಿಯನ್ನು ಮಾರಿಬಂದೆ.

ಮಾರಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡು. ಗಾಜಿನ ಕೋಣೆಯಲ್ಲಿ ಕೂರಿಸಿ ಸಾವಿರಾರು ವಾಕ್ಯ ಓದಿಸಿದರು, ಇನ್ನು ಮೇಲೆ ಕಂಪನಿಯ ಯಂತ್ರ ನನ್ನ ದನಿಯಲ್ಲಿ ಏನು ಬೇಕಾದರೂ ಮಾತಾಡುತ್ತೆ ಎಂದು ನೀನು ಹೆಮ್ಮೆಯಿಂದ ಹೇಳಿದಾಗ ನಾನೂ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡೆ. ಕರೆಂಟು ಅವರದೇ, ಫೋನು ಅವರದೇ, ಈಗ ಆರೋಗ್ಯ ಕಾರ್ಡೂ ಅವರದೇ. ಆದರೆ ಆ ಯಂತ್ರ ವಯಸ್ಸಾದ ಹೆಂಗಸರನ್ನು ಏನೆಂದು ಕರೆಯುತ್ತದೆ ಎಂದು ನೀನು ಕೇಳಿದೆಯಾ? ಅಮ್ಮ ಎಂದು ಕರೆಯುತ್ತದೆ, ಕಣೋ. ಸಂಜೆ ದೀಪ ಹಾಕುವ ಹೊತ್ತಿಗೆ ಫೋನು ಬರುತ್ತದೆ. "ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ?" ನಿನ್ನದೇ ದನಿ, ಶೀತವಿಲ್ಲದ, ಅವಸರವಿಲ್ಲದ, ಸಕ್ಕರೆ ಬೆರೆಸಿದ ದನಿ. ಅಮ್ಮ ಮೊದಲ ದಿನ ತಬ್ಬಿಬ್ಬಾದಳು, ಹುಟ್ಟಿದಾಗಿನಿಂದ ನೀನು ಅವಳನ್ನು ನೀವು ಎಂದಿಲ್ಲ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡಳು: "ದೊಡ್ಡ ಆಫೀಸು ಕಣೆ, ನಾಲ್ಕು ಜನ ಕೇಳ್ತಿರ್ತಾರೆ. ತಾಯಿಗೆ ಬಹುವಚನ ಕೊಡ್ಬೇಕಲ್ಲ." ಕೆಳಗಿನ ಮನೆಯವರಿಗೂ ಹೇಳಿದಳು, ನನ್ನ ಮಗ ಈಗ ಬಹುವಚನ ಕಲಿತಿದ್ದಾನೆ ಎಂದು. ಅದು ಯಂತ್ರ ಕಣಮ್ಮ ಎಂದು ನಾನು ಬಡಕೊಂಡೆ. "ಯಂತ್ರಕ್ಕೆ ತಾಯಿ ಎಲ್ಲಿರ್ತಾಳೆ, ಅಮ್ಮ ಅನ್ನೋಕೆ?" ಎಂದು ನನ್ನ ಬಾಯಿಯೇ ಮುಚ್ಚಿಸಿದಳು. ನಿನಗಿಂತ ಅದು ಮೇಲು ಎಂದು ನನಗೂ ಆಗಾಗ ಅನ್ನಿಸಿದೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತದೆ. ನೀನು ಯಾವತ್ತು ಕಾದಿದ್ದೀಯ?

ಅದು ಕೇಳುತ್ತಾ ಹೋಯಿತು, ಇವಳು ಹೂಂಗುಟ್ಟುತ್ತಾ ಹೋದಳು. ಒಂದಿದ್ದ ಇಂಟರ್‌ನೆಟ್ ಎರಡಾಯಿತು. ನಮ್ಮ ಮನೆಯಲ್ಲಿಲ್ಲದ ಬಟ್ಟೆ ಒಗೆಯುವ ಮಷೀನಿಗೆ ವಿಮೆ ಬಂತು. ಕರೆಂಟಿನ ಲೆಕ್ಕ ರಾತ್ರಿ ಅಗ್ಗ, ಹಗಲು ದುಬಾರಿ ಎಂದು ಬದಲಾಯಿತು. ಹಗಲೆಲ್ಲ ಹೊಲಿಯುವ ನಾನು ಮೋಟಾರು ಬಿಟ್ಟು ಕಾಲಲ್ಲಿ ತುಳಿಯುವ ಹಳೆಯ ಮಷೀನಿಗೆ ಕೂತೆ. ಮಂಡಿ ಊದಿಕೊಂಡಿತು. ಇಷ್ಟಕ್ಕೇ ನಿಂತಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಅಮ್ಮನ ಕಣ್ಣಿನ ವಿಷಯ ನಿನಗೆ ಗೊತ್ತಿದೆ. ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡುವುದು ಅವಳ ಕೆಲಸ. ಮಳಿಗೆಯಲ್ಲಿ ನನಗೆ ಸಿಗುತ್ತಿದ್ದ ಸುಖ ಅದೊಂದೇ. ಈಚೆಗೆ ಬರೀ ಸೂಜಿ ಇರುತ್ತಿತ್ತು, ದಾರ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಪೋಣಿಸಿದ್ದೀನಲ್ಲ ಎಂದೇ ವಾದಿಸುತ್ತಿದ್ದಳು. ಡಾಕ್ಟರು ನೋಡಿ, ಪೊರೆ ಬಲಿತುಹೋಗಿದೆ, ಈ ತಿಂಗಳು ತೆಗೆಯದಿದ್ದರೆ ಆಮೇಲೆ ತೆಗೆದೂ ಪ್ರಯೋಜನವಿಲ್ಲ ಎಂದರು. ತೆಗೆಸೋಣ, ಅಪ್ಪ ದುಡಿದ ಕಾರ್ಖಾನೆಯ ಕಾರ್ಡು ಇದೆಯಲ್ಲ ಎಂದು ಹೋದರೆ ಆಸ್ಪತ್ರೆಯವರು ಕಂಪ್ಯೂಟರು ನೋಡಿ, ಕಾರ್ಡು ಬದಲಾಗಿದೆ, ಈ ಹೊಸ ಕಾರ್ಡಿಗೆ ಕಣ್ಣು ಬರಲ್ಲ ಎಂದರು. ಕನ್ನಡಕಕ್ಕೆ ರಿಯಾಯಿತಿ ಉಂಟಂತೆ. ನಿನ್ನ ದನಿ ಯಾವುದೋ ಸಂಜೆ ಕೇಳಿತ್ತು, ಬದಲಾಯಿಸಲೇ ಅಮ್ಮ ಎಂದು. ಇವಳು ಹೂಂ ಅಂದಿದ್ದಳು.

ಕಂಪನಿಯ ಆಫೀಸಿಗೆ ಹೋದೆ. ತಾನೇ ತೆರೆದುಕೊಳ್ಳುವ ಬಾಗಿಲು ನನ್ನನ್ನು ಕಂಡು ತೆರೆಯಲಿಲ್ಲ, ಹಿಂದೆ ಬಂದವನನ್ನು ಕಂಡು ತೆರೆಯಿತು. ಕೌಂಟರಿನ ಹೆಂಗಸು, ಫೋನಿನಲ್ಲಿ ಒಪ್ಪಿದ್ದನ್ನು ಫೋನಿನಲ್ಲೇ ಬೇಡ ಅನ್ನಬೇಕು, ಗ್ರಾಹಕರ ಸ್ವಂತ ದನಿ ಬೇಕು ಎಂದಳು. ಹೂಂ ಅಂದರೆ ಕೇಳ್ತಿದೀನಿ ಅಂತ, ಹೌದು ಅಂತಲ್ಲ ಎಂದೆ. "ನಮ್ಮ ಯಂತ್ರಕ್ಕೆ ಎರಡೂ ಒಂದೇ" ಎಂದಳು. ನಿಮ್ಮಮ್ಮ ಹೂಂ ಅನ್ನಲ್ವಾ ಎಂದು ಕೇಳಿದೆ. ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಅಂತಾರೆ. ಅವರ ಫೋನ್ ಕಿತ್ತು ಬೀರುವಿನಲ್ಲಿಟ್ಟಿದೀನಿ." ಮನೆಗೆ ಬಂದು ಸಹಾಯವಾಣಿಗೆ ಫೋನು ಮಾಡಿದರೆ ಅಲ್ಲೂ ನೀನೇ. "ನಿಮ್ಮ ಕರೆ ನಮಗೆ ಅಮೂಲ್ಯ." ನಾನು ಒಂದು ಪ್ಯಾಂಟಿನ ಅಂಚು ಪೂರ್ತಿ ಹೊಲಿದು ಮುಗಿಸುವವರೆಗೂ ನೀನು ಅದನ್ನೇ ಹೇಳಿದೆ. ಹುಟ್ಟಿದಾಗಿನಿಂದ ಒಮ್ಮೆಯಾದರೂ ನನಗೆ ಹೇಳಿದ್ದ ಮಾತೇನೋ ಅದು? ನಾನೇ ಅಮ್ಮನ ಹಾಗೆ ದನಿ ನಡುಗಿಸಿ ಉಹೂಂ ಅಂದು ನೋಡಿದೆ, ದನಿ ಹೊಂದುತ್ತಿಲ್ಲ ಎಂದೆ ನೀನು. ನಾನು ಬಾಯಿಗೆ ಬಂದ ಹಾಗೆ ಬೈದೆ. "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಎಂದೆ ನೀನು. ಅದೊಂದು ಮಾತು ಮಾತ್ರ ಥೇಟ್ ನೀನೇ.

ಉಳಿದದ್ದು ಒಂದೇ ದಾರಿ. ಸಂಜೆಯ ಫೋನು, ಹೊಸ ಕಾರ್ಡನ್ನೇ ಮುಂದುವರಿಸಲೇ ಎಂದು ಈ ತಿಂಗಳೆಲ್ಲ ಕೇಳುತ್ತದೆ, ಆಗ ಅಮ್ಮ ಉಹೂಂ ಅನ್ನಬೇಕು. ಅನ್ನಿಸಲು ನಾನು ಪಟ್ಟ ಪಾಡು ಯಾರಿಗೂ ಬೇಡ. ಕೈ ಹಿಡಿದು ಕೂತೆ, ತೊಡೆ ಚಿವುಟಿದೆ, ಮಗುವಿಗೆ ಪಾಠ ಹೇಳಿದ ಹಾಗೆ ಹೇಳಿಕೊಟ್ಟೆ. ನನ್ನೆದುರು ಉಹೂಂ, ಉಹೂಂ ಎಂದು ಚೆನ್ನಾಗಿಯೇ ಅನ್ನುತ್ತಾಳೆ. ಅಮ್ಮ ಎನ್ನುವ ದನಿ ಕೇಳಿದ ಕೂಡಲೇ ಹೂಂ. "ಅಷ್ಟು ಮರ್ಯಾದೆಯಿಂದ ಕೇಳ್ತಾನೆ, ಹೇಗೆ ಬೇಡ ಅನ್ಲಿ? ಮುಖ ಊದಿಸ್ಕೊಂಡು ಗೋಡೆಗೆ ತಿರುಗಿಬಿಡ್ತಾನೆ." ಕುರುಡಾದರೂ ಸರಿ, ನಿನ್ನ ಮುಖ ಊದಬಾರದು. ಅದಕ್ಕೇ ನಿನಗೆ ಹೇಳಿಕಳಿಸಿದ್ದು, ನೀನೇ ನಿಜವಾಗಿ ಫೋನು ಮಾಡಿ ಹೇಳು ಎಂದು. ನೀನು ಬೇಡಿಸಿಕೊಂಡು ಬೇಡಿಸಿಕೊಂಡು ಕೊನೆಗೂ ಮಾಡಿದೆ, ಬಸ್ಸಿನಲ್ಲಿ ನಿಂತುಕೊಂಡು, ಶೀತದ ಮೂಗಿನಲ್ಲಿ. "ಏನಮ್ಮ ನೀನು, ತಲೆ ಕೆಟ್ಟಿದೆಯಾ, ಎಲ್ಲದಕ್ಕೂ ಹೂಂ ಅಂತೀಯಲ್ಲ" ಎಂದೆಯಂತೆ. ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು ನನಗೆ ಪಿಸುಗುಟ್ಟಿದಳು: "ಯಾರೋ ಮೋಸಗಾರ ಕಣೆ. ಮಲ್ಲನ ದನಿ ಕದ್ದಿದ್ದಾನೆ. ಏಕವಚನದಲ್ಲಿ ಮಾತಾಡ್ತಿದ್ದಾನೆ." ಮೋಸದ ಫೋನು ಬಂದರೆ ಕೆಂಪು ಗುಂಡಿ ಒತ್ತಿ ಹಿಡಿಯಬೇಕೆಂದು ನಿನ್ನ ಭಾವ ಹೇಳಿಕೊಟ್ಟಿದ್ದರು. ಒತ್ತಿ ಹಿಡಿದಳು. ನಿನ್ನ ನಂಬರು ಅಂದಿನಿಂದ ಬಂದ್. ನಾನು ತೆಗೆಯಬಹುದಿತ್ತು, ತೆಗೆಯಲಿಲ್ಲ. ಕಂಪನಿಗೆ ಮಾರಿದ ದನಿಯಲ್ಲಿ ತಾಯಿಗೆಂದು ಒಂದು ತುಣುಕನ್ನಾದರೂ ಉಳಿಸಬೇಕಿತ್ತು ನೀನು.

ಹಾಗೆಂದು ಕೈಕಟ್ಟಿ ಕೂರಲಿಲ್ಲ. ಹಳೆಯ ಕಾರ್ಡು ವಾಪಸು ಬಂದಿದೆ. ಬರುವ ಗುರುವಾರ ಆಪರೇಷನ್, ಡಾಕ್ಟರು ಹೂಂ ಅಂದಿದ್ದಾರೆ. ಅವರ ಹೂಂ ಎಂದರೆ ಹೌದು ಎಂದೇ ಅರ್ಥ, ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಹೇಗೆ ವಾಪಸು ಬಂತು ಎಂದು ನಿನ್ನ ಭಾವನನ್ನು ಕೇಳಬೇಡ. ಅವರು ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಗೋಡೆ ನೋಡಿಕೊಂಡು ಊಟ ಮಾಡುತ್ತಾರೆ. ಒಳ್ಳೆಯವರು, ಆದರೆ ಒಳ್ಳೆಯತನ ಯಾವ ಕೌಂಟರಿನಲ್ಲಿ ನಡೆಯುತ್ತದೆ ಹೇಳು. ನೀನು ವೇಳೆಗೆ ಸರಿಯಾಗಿ ಉಣ್ಣು. ಕತ್ತಿಗೆ ಬಟ್ಟೆ ಸುತ್ತಿಕೋ. ಎಲ್ಲಿದ್ದರೂ ಗಟ್ಟಿಯಾಗಿ, ಬಹಳ ವರ್ಷ ಇರು ಎಂದು ಹರಸುವ,

ನಿನ್ನ ಅಕ್ಕ,
ನೀನೇ ಇಟ್ಟ ಹೆಸರಿನಲ್ಲಿ, ಕತ್ತರಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಅಮ್ಮನ ಪಾಲಿಗೆ ನೀನು ಸತ್ತಿದ್ದೀಯ. ಬುಧವಾರ ನಾನೇ ಹೇಳಿದೆ. ಜ್ವರ ಬಂತು, ಎಲ್ಲ ಅಲ್ಲೇ ಮುಗಿಯಿತು, ಕಂಪನಿಯವರೇ ಸಂಸ್ಕಾರ ಮುಗಿಸಿದರು ಎಂದೆ. ಒಂದೇ ಉಸಿರಿಗೆ ಹೇಳಿದೆ, ದನಿ ನಡುಗಲಿಲ್ಲ. ಅಮ್ಮ ಎಂದಿನ ಹಾಗೆ ಹೂಂ, ಹೂಂ ಎಂದು ಕೇಳುತ್ತಾ ಬಂದಳು, ನನ್ನ ಮಾತು ಮುಗಿದ ಮೇಲೆ ಅವಳಿಗೆ ತಿಳಿಯಿತು. ಮುಖ ನೋಡ್ಬೇಕಿತ್ತು ಎಂದಳು. ಆಮೇಲೆ ತಾನೇ, ನೋಡೋಕೆ ಕಣ್ಣೆಲ್ಲಿದೆ ಎಂದಳು. ಸಂಜೆ ನಿನ್ನ ಫೋನು ಬಂತು. ಈಗಲಾದರೂ ನಂಬು, ಇದು ಯಂತ್ರ, ಅವನು ಮಾರಿಹೋದ ದನಿ ಎಂದು ಹೇಳಿ ಅವಳ ಕಿವಿಗೆ ಹಿಡಿದೆ. "ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ? ಹೊಸ ಕಾರ್ಡನ್ನು ಮುಂದುವರಿಸಲೇ?" ಎಂದೆ ನೀನು. ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ನೀನು ಕಾದೆ. "ಉಹೂಂ ಮಗಾ. ಸಾಕು. ಎಷ್ಟೂಂತ ಮಾತಾಡ್ತೀಯ, ಮಲಕ್ಕೋ" ಎಂದಳು. "ಧನ್ಯವಾದ ಅಮ್ಮ, ನಿಮ್ಮ ಇಚ್ಛೆಯಂತೆ ಮುಕ್ತಾಯಗೊಳಿಸಿದ್ದೇವೆ" ಎಂದೆ.

ಆದ್ದರಿಂದ ಫೋನು ಮಾಡಬೇಡ, ಭಾವನಿಗೂ ಬೇಡ. ಬದುಕಿದ್ದೀಯ ಎಂದು ಗೊತ್ತಾದರೆ ಅದೇ ಸಂಜೆ ಮತ್ತೆ ಹೂಂ ಅಂದುಬಿಡುತ್ತಾಳೆ. ಕಣ್ಣಿನ ಕಟ್ಟು ಬಿಚ್ಚುವವರೆಗೆ ಸತ್ತಿರು. ಬಿಚ್ಚುವ ದಿನ ಬಾ. ಬಾಗಿಲಲ್ಲಿ ಬಾಯಿ ತೆರೆಯಬೇಡ, ಆ ದನಿಯನ್ನು ಅವಳು ಮಲಗಿಸಿ ಆಗಿದೆ. ಎದುರಿಗೆ ಕೂತುಕೋ, ನೋಡಲಿ. ಆಮೇಲೆ ಅವಳೇ ಮಾತಾಡುತ್ತಾಳೆ. ನೀನು ಹೂಂ ಅನ್ನು.