ಸುಮ್ಮನಿರುವ ಕರ್ನೆಲ್

೨ ಆಗಸ್ಟ್ ೧೯೮೮

ಇವತ್ತೂ ಪ್ಯಾನಿಕ್. ನನಗಲ್ಲ, ಮೆಷಿನ್ನಿಗೆ. ಹೊಸ ಕರ್ನೆಲ್ ಲಿಂಕ್ ಮಾಡಿ ರೀಬೂಟ್ ಕೊಟ್ಟರೆ, ಕಾರ್ಡಿನಿಂದ ಮೊದಲ ಇಂಟರಪ್ಟ್ ಸಂಕೇತ ಬಂದ ಕೂಡಲೇ ಪರದೆ ತುಂಬ ಅಂಕಿ, ಆಮೇಲೆ ಸ್ತಬ್ಧ. ಮತ್ತೆ ಹಳೆಯ ಕರ್ನೆಲ್ಲಿನ ಹೆಸರು ಟೈಪ್ ಮಾಡಿ ಎಬ್ಬಿಸಬೇಕು. ಬೆಳಗಿನಿಂದ ಇದೇ.

ಕಸ ಗುಡಿಸಲು ಬಂದ ಉಡಚಮ್ಮ ನಿಂತು ನೋಡಿದಳು. "ಮೇಡಮ್ಮಾರೆ, ಡ್ರೈವರ್ ಕೂರ್ತಿಲ್ಲ, ಡ್ರೈವರ್ ಕೂರ್ತಿಲ್ಲ ಅಂತೀರಲ್ಲ, ಲಾರೀನೇ ಬಂದಿಲ್ವಲ್ರೀ?"

ಎಷ್ಟು ದಿನದ ಮೇಲೆ ನಕ್ಕೆನೋ. ಈ ಡ್ರೈವರ್ ಮನುಷ್ಯ ಅಲ್ಲ, ಪ್ರೋಗ್ರಾಮು ಅಂದೆ. ಪ್ಲಾಂಟಿನಲ್ಲಿ ಆರು ಕಡೆ ಗ್ಯಾಸ್ ಡಿಟೆಕ್ಟರ್ ಕೂರಿಸಿದ್ದೇವಲ್ಲ, ಅವುಗಳ ವೈರೆಲ್ಲ ಈ ಪೆಟ್ಟಿಗೆಯೊಳಗಿನ ಕಾರ್ಡಿಗೆ ಬರುತ್ತವೆ. ಕಾರ್ಡ್ ಹೇಳುವುದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಡ್ರೈವರ್ ಅದರ ಕರ್ನೆಲ್ ಒಳಗೆ, ಅಂದರೆ ಮೆಷಿನ್ ನಡೆಸುವ ಮೂಲ ಪ್ರೋಗ್ರಾಮಿನೊಳಗೆ, ಕೂತು ತಿಳಿಸುತ್ತೆ. ತೌಡಿನಿಂದ ಎಣ್ಣೆ ತೆಗೆಯಲು ಹಾಕುವ ಪೆಟ್ರೋಲಿನಂಥ ಸಾಲ್ವೆಂಟ್ ಸೋರಿದರೆ ಸೈರನ್ ಹೊಡೆಸುತ್ತೆ.

"ಹಂಗಾರೆ ಅವ್ನಿಗೆ ಊಟ ಗೀಟ ಬ್ಯಾಡ ಬಿಡ್ರಿ" ಅಂದು ಪೊರಕೆ ಎತ್ತಿಕೊಂಡು ಹೋದಳು.

೫ ಆಗಸ್ಟ್, ಮಧ್ಯಾಹ್ನ

ಕೂತಿತು! ಇಂಟರಪ್ಟ್ ನಂಬರಿನ ತಕರಾರು. ಪ್ರಿಂಟರೂ ನನ್ನ ಕಾರ್ಡೂ ಒಂದೇ ನಂಬರಿಗೆ ಬಡಿದಾಡುತ್ತಿದ್ದವು. ಕಾರ್ಡಿನ ಜಂಪರ್ ಬದಲಿಸಿ ಬೇರೆ ನಂಬರ್ ಕೊಟ್ಟೆ, ಅಷ್ಟೇ.

ಆಪರೇಟರ್ ಯರ್ರಿಸ್ವಾಮಿ ಬಟ್ಟೆಯ ತುಂಡನ್ನು ಸಾಲ್ವೆಂಟಿನಲ್ಲಿ ಅದ್ದಿ ನಾಲ್ಕನೇ ಡಿಟೆಕ್ಟರ್ ಮುಂದೆ ಹಿಡಿದ. ಸೈರನ್ ಊಳಿಟ್ಟಿತು. ನ್ಯಾಮತಿ ರಸ್ತೆಯ ಮೇಲೆ ಹೋಗುತ್ತಿದ್ದ ಎತ್ತಿನ ಗಾಡಿ ಬೆದರಿ ಗದ್ದೆಗಿಳಿಯಿತು.

ಮ್ಯಾನೇಜರ್ ಓಂಕಾರಪ್ಪನವರು ಹೊನ್ನಾಳಿಯಿಂದ ಪೇಡ ತರಿಸಿದರು. "ಕಾರ್ಡ್ ಕೊಟ್ಟ ಬೆಂಗಳೂರಿನೋರು ಎರಡು ತಿಂಗ್ಳು ಬೇಕು ಅಂದಿದ್ರಮ್ಮ. ನಮ್ ಚನ್ನಗಿರಿ ಹುಡುಗಿ ನೋಡ್ರಪ್ಪ!" ಎಲ್ಲರೆದುರು ಅಂದರು. ನಾಚಿಕೆಯಾಯಿತು. ಖುಷಿಯೂ.

೧೯ ಆಗಸ್ಟ್

ಕರೆಂಟ್ ಹೋದಾಗಲೆಲ್ಲ ಸೈರನ್; ಕಂಪ್ಯೂಟರೂ ಅದೂ ಬ್ಯಾಟರಿ ಮೇಲೆ ಓಡುತ್ತವಲ್ಲ. ನಾಲ್ಕನೇ ಡಿಟೆಕ್ಟರೇ ಪ್ರತಿಸಲ. ಸೈರನ್ ಹೊಡೆದರೆ ನಿಯಮದ ಪ್ರಕಾರ ಸ್ಟೀಮ್ ಬಂದ್, ಜನ ಎಲ್ಲ ಗೇಟಿನ ಹೊರಗೆ. ಮತ್ತೆ ಪ್ಲಾಂಟ್ ಎದ್ದು ತೌಡಿನಿಂದ ಎಣ್ಣೆ ಇಳಿಯುವ ಹೊತ್ತಿಗೆ ಅರ್ಧ ಶಿಫ್ಟ್ ಹಾಳು. ಹೋಗಿ ಮೂಸಿದರೆ ಏನೂ ಇಲ್ಲ.

"ಕರೆಂಟ್ ಹೋದಾಗೆಲ್ಲ ಬಡ್ಕಂಡ್ರೆ ಹೆಂಗಮ್ಮ?" ಓಂಕಾರಪ್ಪನವರ ದನಿಯಲ್ಲಿ ಪೇಡದ ಸಿಹಿ ಇರಲಿಲ್ಲ. "ಈಗಿನ್ ಕಾಲ್ದಾಗೆ ಕರೆಂಟ್ ಹೋಗದ ದಿನ ಐತೇನು?"

ಜನರೇಟರಿಗೆ ಬದಲಾಗುವಾಗ ಲೈನಿನಲ್ಲಿ ಏಳುವ ನಾಯ್ಸ್ ಇರಬೇಕು. ಕೇಬಲ್ಲಿಗೆ ನುಗ್ಗಿ ಕಾರ್ಡನ್ನು ಮೋಸಗೊಳಿಸುತ್ತಿದೆ. ಮ್ಯಾನ್ಯುಯಲ್ಲಿನಲ್ಲೂ ಹಾಗೆಂದು ಒಂದು ಪ್ಯಾರಾ ಇದೆ. ನನಗೂ ಅದೇ ನಿಜ ಅನ್ನಿಸುತ್ತದೆ… ಅನ್ನಿಸಲಿ ಎಂಬ ಆಸೆಯೂ ಇದೆ.

೨೪ ಆಗಸ್ಟ್

ಡ್ರೈವರಿನಲ್ಲಿ ಕೆಲವು ಸಾಲು ಸೇರಿಸಿದೆ. ಕರೆಂಟ್ ಹೋದ ಮೇಲೆ ಸ್ವಲ್ಪ ಹೊತ್ತು ಕಾರ್ಡ್ ಏನೇ ಕೂಗಿದರೂ ಕೇಳಿಸಿಕೊಳ್ಳುವುದಿಲ್ಲ. ಬೇರೆಯೇ ಕರ್ನೆಲ್ ಆಗಿ ಲಿಂಕ್ ಮಾಡಿದೆ. ಹೆಸರು xenix.q — ಕ್ವಯಟ್, ಸುಮ್ಮನಿರುವುದು ಅಂತ. ಬೆಳಗ್ಗೆ ಮೆಷಿನ್ ಹಾಕುವಾಗ ಸುಮ್ಮನೆ ಎಂಟರ್ ಒತ್ತಿದರೆ ಮೊದಲಿನದು, ಈ ಹೆಸರು ಹೊಡೆದರೆ ಇದು. ಯರ್ರಿಸ್ವಾಮಿಗೆ ಕಲಿಸಿದೆ. ಜಗಳೂರಿನವನು, ಒಮ್ಮೆ ಹೇಳಿದರೆ ಸಾಕು.

ಸಂಜೆ ಕರೆಂಟ್ ಹೋಯಿತು. ಸೈರನ್ ಇಲ್ಲ. ಜನರೇಟರ್ ಗುಡುಗಿತು. ಯಾರೂ ಓಡಲಿಲ್ಲ.

ಒಳ್ಳೆಯ ಕೆಲಸ ಮಾಡಿದ ಮೇಲೆ ಬರುವ ನೆಮ್ಮದಿ ಬರಲಿಲ್ಲ. ಯಾಕೋ.

೭ ಸೆಪ್ಟೆಂಬರ್

ಉಡಚಮ್ಮ ಎರಡು ದಿನದಿಂದ ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಈಗ ಅವಳ ಕೆಲಸ ಚರಂಡಿ ಪಕ್ಕ, ಚೆಲ್ಲಿದ ತೌಡು ಬಳಿಯುವುದು. "ತಲೆ ಗಿರ್ ಅಂತೈತ್ರೀ. ಹೊತ್ತಿಗೆ ಸರಿಯಾಗಿ ಉಣ್ಣಾಕೆ ಆಗಲ್ಲ, ಅದ್ಕೇ ಇರ್ಬೇಕು" ಅಂದಳು. ಕೈ ಹಿಡಿದು ಎಬ್ಬಿಸಿದೆ. ಸೆರಗು ನನ್ನ ಮುಖದ ಹತ್ತಿರ ಬಂತು.

ಪೆಟ್ರೋಲ್ ವಾಸನೆ.

ಚರಂಡಿಯ ಪಕ್ಕದ್ದೇ ನಾಲ್ಕನೇ ಡಿಟೆಕ್ಟರ್.

೯ ಸೆಪ್ಟೆಂಬರ್

ಮೊದಲಿನ ಕರ್ನೆಲ್ ಹಾಕಿದೆ. ನಾಲ್ಕನೇ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ ಕಾದೆ. ನಾಯ್ಸ್ ಆದರೆ ಅದು ವೈರಿನಲ್ಲಿ ಬರುವುದು, ಚೀಲ ಕಟ್ಟಿದರೇನು ಬಿಟ್ಟರೇನು? ಸೈರನ್ ಹೊಡೆಯಲೇಬೇಕು.

ಕರೆಂಟ್ ಹೋಯಿತು. ಸೈರನ್ ಇಲ್ಲ.

ಮಧ್ಯಾಹ್ನ ಚೀಲ ಬಿಚ್ಚಿದೆ. ಮತ್ತೆ ಹೋಯಿತು. ಸೈರನ್.

ಕರೆಂಟ್ ಹೋದಾಗ, ಸಾಲ್ವೆಂಟ್ ಆವಿಯನ್ನು ಮತ್ತೆ ದ್ರವ ಮಾಡುವ ಕಂಡೆನ್ಸರಿಗೆ ತಣ್ಣೀರು ಕಳಿಸುವ ಪಂಪೂ ನಿಲ್ಲುತ್ತದೆ. ಜನರೇಟರ್ ಹತ್ತುವವರೆಗೆ ಆವಿ ತಣ್ಣಗಾಗದೆ ಒತ್ತಡ ಏರಿ ಯಾವುದೋ ಜಾಯಿಂಟಿನಿಂದ ನುಸುಳುತ್ತದೆ. ಗಾಳಿಗಿಂತ ಭಾರ, ಚರಂಡಿಗಿಳಿಯುತ್ತದೆ. ನಾವು ಹೋಗಿ ಮೂಸುವ ಹೊತ್ತಿಗೆ ಚದುರಿರುತ್ತದೆ.

ಡ್ರೈವರ್ ಮೊದಲ ದಿನದಿಂದ ನಿಜವನ್ನೇ ಹೇಳುತ್ತಿತ್ತು.

೧೦ ಸೆಪ್ಟೆಂಬರ್

ಓಂಕಾರಪ್ಪನವರು ಪೂರ್ತಿ ಕೇಳಿದರು. ಬೈಯಲಿಲ್ಲ. ಅದೇ ಹೆಚ್ಚು ಭಯ.

"ದೀಪಾವಳಿಗೆ ಹೆಂಗೂ ಪ್ಲಾಂಟ್ ನಿಲ್ಸ್ತೀವಿ. ಜಾಯಿಂಟೆಲ್ಲ ಬಿಚ್ಸಿ, ಡೀಸೆಲ್ ಪಂಪೂ ಹಾಕ್ಸ್ತೀನಿ."

"ಅಲ್ಲಿವರೆಗೆ ಸರ್?"

"ಅಲ್ಲಿವರ್ಗೆ ನಿನ್ ಸುಮ್ನಿರೋದು ಐತಲ್ಲ, ಅದ್ನೇ ಹಾಕು."

"ಆಗೋದಿಲ್ಲ ಸರ್."

ಕಿಟಕಿಯಾಚೆ ಚೀಲ ಹೊರುವವರನ್ನು ನೋಡುತ್ತ ಅಂದರು: "ಇಷ್ಟು ಮನೆ ಒಲೆ ಹತ್ತೋದು ಇದ್ರಿಂದ್ಲೇ ಕಣಮ್ಮ. ಬಾಗ್ಲು ಹಾಕಿದ್ರೆ ನೀ ಅನ್ನ ಹಾಕ್ತೀಯೇನು?"

ಆಫೀಸಿಗೆ ಬಂದು ಮೊದಲಿನ ಕರ್ನೆಲ್ಲನ್ನೇ ಓಡಲು ಬಿಟ್ಟೆ. ಇನ್ನೊಂದನ್ನು ಅಳಿಸಲು rm ಅಂತ ಟೈಪ್ ಮಾಡಿದೆ. ಎಂಟರ್ ಒತ್ತಲಿಲ್ಲ. ಕಾರ್ಡ್ ಕೊಟ್ಟ ಕಂಪನಿಯವರಿಗೆ ತೋರಿಸಲು ಬೇಕಾಗಬಹುದು.

೧೭ ಸೆಪ್ಟೆಂಬರ್, ಶನಿವಾರ

ಮೂರು ದಿನ ರಜ. ತಂಗಿಯ ನಿಶ್ಚಿತಾರ್ಥಕ್ಕೆ ಚನ್ನಗಿರಿಗೆ. ಈ ವಾರವಿಡೀ ಸೈರನ್. ಪ್ರತಿಸಲ ಗೇಟಿನ ಹೊರಗೆ ನಿಂತ ಜನ ನನ್ನನ್ನೇ ನೋಡುತ್ತಿದ್ದರು. ಕೂಲಿ ಕಡಿತವಾಗುತ್ತಿದೆಯಂತೆ. ಯಾರೂ ಮಾತಾಡಿಸುವುದಿಲ್ಲ. ಉಡಚಮ್ಮ ಒಬ್ಬಳು, "ಮದ್ವೆ ಊಟಕ್ಕೆ ಕರೀರಿ ಮತ್ತೆ" ಅಂದಳು.

ಹೊರಡುವ ಮುಂಚೆ ಕರೆಂಟ್ ಹೋಯಿತು. ಸೈರನ್ ಹೊಡೆಯಲಿಲ್ಲ. ಯರ್ರಿಸ್ವಾಮಿಯನ್ನು ನೋಡಿದೆ. ಅವನು ಕೀಬೋರ್ಡ್ ಒರೆಸುತ್ತಿದ್ದ. ಕೇಳಬೇಕು ಅನ್ನುವಷ್ಟರಲ್ಲಿ ಗೇಟಿನ ಹತ್ತಿರ ಬಸ್ಸಿನ ಹಾರ್ನು.

ಇವತ್ತು ಕಡಿಮೆ ಸೋರಿರಬಹುದು. ಗಾಳಿ ಚೆನ್ನಾಗಿದೆ.

೨೦ ಸೆಪ್ಟೆಂಬರ್

ಹೊನ್ನಾಳಿ ಸ್ಟ್ಯಾಂಡಿನಲ್ಲಿ ಇಳಿದಾಗ ಜನ ನ್ಯಾಮತಿ ರಸ್ತೆಯ ಕಡೆ ಓಡುತ್ತಿದ್ದರು. ಹೊಗೆ ಕರ್ರಗೆ, ನೆಟ್ಟಗೆ.

ಬರೆಯಲಾಗುತ್ತಿಲ್ಲ

೨೩ ಸೆಪ್ಟೆಂಬರ್

ಉಡಚಮ್ಮ ಹೋದಳು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು. ಮಾತಿರಲಿಲ್ಲ. ಇನ್ನಿಬ್ಬರು ಅಲ್ಲೇ, ಪ್ಲಾಂಟಿನೊಳಗೇ. ಉಡಚಮ್ಮನನ್ನು ಅವಳೂರು ಸಾಸ್ವೆಹಳ್ಳಿಯಲ್ಲಿ ಮಣ್ಣು ಮಾಡಿದರು. ಅವಳ ಮಗಳು ಓಬವ್ವ ನನ್ನ ಕೈ ಹಿಡಿದು, "ನಮ್ಮವ್ವ ನಿಮ್ ಸುದ್ದಿ ದಿನಾ ಹೇಳ್ತಿದ್ಲು" ಅಂದಳು. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ.

ಕರೆಂಟ್ ಹೋಗಿ, ಜನರೇಟರ್ ಹಾಕುವಾಗ ಹತ್ತಿದ ಕಿಡಿ ಅಂತೆ. ಸೈರನ್ ಹೊಡೆಯಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆಫೀಸು ದೂರ ಇದ್ದದ್ದರಿಂದ ಕಂಪ್ಯೂಟರಿಗೆ ಗೀರೂ ಬಿದ್ದಿಲ್ಲ.

೨೫ ಸೆಪ್ಟೆಂಬರ್

ಯರ್ರಿಸ್ವಾಮಿ ರೂಮಿನ ತನಕ ಬಂದ. ಬಾಗಿಲಲ್ಲೇ ಕುಸಿದು ಕೂತ.

"ಅಕ್ಕಾರೆ, ನಾನೇ ಹೊಡ್ದಿದ್ದು ಆ ಹೆಸ್ರು. ಶನಿವಾರದಿಂದ ದಿನಾ. ಸಾಹೇಬ್ರು ಬೆನ್ನಿಂದೆ ನಿಂತು ಹೇಳಿದ್ರು. ಮೂರು ಮಕ್ಳು ಅದಾವೆ ನಂಗೆ… ನಂಗೇನು ಗೊತ್ತಾಗ್ತಿತ್ರೀ?"

ಗೊತ್ತಿತ್ತು ಅವನಿಗೆ. ನನಗೂ ಗೊತ್ತಿತ್ತು, ಆ ಶನಿವಾರ.

ಅವನು ಹೋದ ಮೇಲೆ ಓಂಕಾರಪ್ಪನವರು. ಕುರ್ಚಿ ಕೊಟ್ಟರೆ ಕೂರಲಿಲ್ಲ. ಗಡ್ಡ ಬೋಳಿಸಿರಲಿಲ್ಲ. "ಮಂಗಳವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ. ಆ ಸುಮ್ನಿರೋದು ಮೆಷಿನ್ನಾಗೆ ಇದ್ರೆ ನಾನೂ ಹೋಗ್ತೀನಿ, ಆ ಹುಡುಗ್ನೂ ಹೋಗ್ತಾನೆ. ಬರ್ದಿದ್ದು ನೀನು, ನೀನೂ ಹೋಗ್ತೀಯ. ಅಳಿಸಿಬಿಡು. ಮೆಷಿನ್ ಕೆಟ್ಟಿತ್ತು ಅನ್ನು. ಮೆಷಿನ್ನಿಗೆ ಏನ್ ಜೈಲೇ?"

ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡರು.

೨೭ ಸೆಪ್ಟೆಂಬರ್, ಬೆಳಗ್ಗೆ, ಆಫೀಸು

ಪ್ಲಾಂಟಿನ ಕಡೆಯ ಕಿಟಕಿ ಮುಚ್ಚಿದೆ. ಆದರೂ ಸುಟ್ಟ ತೌಡಿನ ವಾಸನೆ. ಮೆಷಿನ್ ಹಾಕಿದೆ. ಎರಡು ಕರ್ನೆಲ್ಲೂ ಇವೆ. ಹೆಸರು, ತಾರೀಖು, ಪಕ್ಕದಲ್ಲೇ ಬರೆದವರ ಹೆಸರು — ನನ್ನದು, ಎರಡರಲ್ಲೂ.

ಒಂದೇ ಸಾಲು ಟೈಪ್ ಮಾಡಿದರೆ ಸಾಕು. ಯರ್ರಿಸ್ವಾಮಿಯ ಮಕ್ಕಳು. ತಂಗಿಯ ಮದುವೆ. ಎಲ್ಲರೂ ಉಳಿಯುತ್ತೇವೆ. ಆಮೇಲೆ ಇದೇ ಕಾರ್ಡ್ ಇನ್ನೆಲ್ಲೋ ಕೂರುತ್ತದೆ. ಕರೆಂಟ್ ಹೋದರೆ ಸುಮ್ಮನೆ ಕೂಗುತ್ತೆ, ನಂಬಬೇಡಿ ಅಂತ ಅಲ್ಲಿಯವರಿಗೆ ಯಾರೋ ಹೇಳುತ್ತಾರೆ.

ಎರಡು ಫ್ಲಾಪಿಗೆ ಕಾಪಿ ಮಾಡಿದೆ. ಒಂದು ಬ್ಲೌಸಿನೊಳಗಿದೆ.

ಜೀಪು ಬಂತು. ಓಂಕಾರಪ್ಪನವರು ಕೈಮುಗಿದು ಬರಮಾಡಿಕೊಳ್ಳುವುದು ಕೇಳಿಸುತ್ತಿದೆ. ಯರ್ರಿಸ್ವಾಮಿ ಬಾಗಿಲ ಹತ್ತಿರ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಾನೆ. ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸರ್, ಮೆಷಿನ್ ಕೆಟ್ಟಿರಲಿಲ್ಲ. ಇದರಲ್ಲಿ ಎರಡು ಕರ್ನೆಲ್ ಇವೆ, ಎರಡನ್ನೂ ಬರೆದವಳು ನಾನು. ಇಪ್ಪತ್ತನೇ ತಾರೀಖು ಓಡುತ್ತಿದ್ದದ್ದು —