ಗಾಡಿಗೆ ಮೂರು ಕಲ್ಲು

ಮಾರ್ಚ್ 3, 1740. ಪೀಟರ್ಸ್‌ಬರ್ಗ್
ಬೆಳಿಗ್ಗೆಯಿಂದ ಗೇಟಿನಲ್ಲಿ ಗಾಡಿಯೋ ಗಾಡಿ. ಗಾಡಿಗೆ ಮೂರು ಕಲ್ಲು ಸುಂಕ, ಬೀದಿಗೆ ಹಾಸಲು. ಒಂದೊಂದೂ ಐದು ಪೌಂಡಿಗೆ ಕಡಿಮೆ ಇರಕೂಡದು. ಸುತ್ತಲೂ ಬರೀ ಜೌಗು, ಎಲ್ಲಿಂದ ತರುತ್ತಾರೋ ಅವರ ಕರ್ಮ. ಹಿಟ್ಟಿನ ಗಾಡಿಯ ಪಂಕ್ರಾತ್ ಮತ್ತೆ ಗುಂಡುಕಲ್ಲು ತಂದಿದ್ದ. ತೂಗಿದೆ. ನಾಲ್ಕು ಪೌಂಡು. ಆಚೆ ಎಸೆದೆ.

“ಒಂದು ಪೌಂಡಿಗೆ ಯಾಕ್ ಸ್ವಾಮಿ ಪ್ರಾಣ ತಿಂತೀರಾ? ನಿಮ್ ಮಗಳ ಊರೋನು ನಾನು!”

“ಮಗಳ ಊರೋನಾದ್ರೆ ದೊಡ್ಡ ಕಲ್ಲು ತಾ. ಹೋಗ್ ಹೋಗು.”

ಗಾಡಿ ತಿರುಗಿಸಿಕೊಂಡು ಬೈಯುತ್ತಲೇ ಹೋದ. ಬೈಯಲಿ.

ಮಾರ್ಚ್ 11
ಪಂಕ್ರಾತ್ ಒಳ್ಳೇ ಚಪ್ಪಟೆ ಕಲ್ಲು ತಂದ, ಹದಿನೈದು ಪೌಂಡಿನವು. ಅವನೂರಿನ ಏಳೆಂಟು ಗಾಡಿಯವರೂ ಅಂಥವೇ. ಶಭಾಷ್ ಎಂದೆ. ಮೇಲಧಿಕಾರಿ ಫ್ರೋಲ್ ನಿಕಿತಿಚ್ ರಾಶಿ ನೋಡಿ ನನ್ನ ಬೆನ್ನು ತಟ್ಟಿದರು.

ಊಟಕ್ಕೆ ಮೂಲಂಗಿ, ಕಪ್ಪು ರೊಟ್ಟಿ. ಉಪವಾಸ ಮುಗಿದರೆ ಸಾಕಪ್ಪಾ. ಈಸ್ಟರಿಗೆ ಬರುತ್ತೇನೆಂದು ಉಸ್ತಿನ್ಯಾ ಹೇಳಿ ಕಳಿಸಿದ್ದಾಳೆ. ಏಳು ತಿಂಗಳ ಬಸುರಿ, ಆ ಗಾಡಿಯ ಕುಲುಕಾಟ... ಬೇಡ ಮಗಳೇ, ಅಲ್ಲೇ ಇರು ಎಂದು ಹೇಳಿಸಿದೆ.

ಮಾರ್ಚ್ 19
ಇವತ್ತು ಬಂದ ಕಲ್ಲುಗಳ ಒಂದು ಮಗ್ಗುಲಿಗೆ ಪಾಚಿ, ಪಾಚಿಯ ಮೇಲೆ ಮಂಜುಗಡ್ಡೆ. ನೀರಿನೊಳಗಿಂದ ಕಿತ್ತ ಕಲ್ಲು.

“ಪಂಕ್ರಾತ್, ಇವೆಲ್ಲಿಂದೋ?”

“ದೊಡ್ಡವು ಬೇಕು ಅಂದ್ರಿ, ತಂದ್ವಿ.”

“ಎಲ್ಲಿಂದ ಅಂದೆ!”

“ನಮ್ಮೂರ ನೀರ್ ಗಿರಣಿ ಒಡ್ಡಿನ ಬುಡದಿಂದ. ಈಗೇನ್ ಸ್ವಾಮಿ, ನೀರೆಲ್ಲಾ ಗಟ್ಟಿಯಾಗಿ ಹೆಪ್ಪುಗಟ್ಟೈತೆ. ಬೇಸ್ಗೇಲಿ ಮತ್ತೆ ಕಟ್ತೀವಿ ಬಿಡಿ.”

ಬೇಸಿಗೆಗೆ ಮೊದಲು ಹಿಮ ಕರಗುವುದಿಲ್ಲವೇ, ಮುಠ್ಠಾಳ! ಒಡ್ಡಿನ ಕೆಳಗೇ ಉಸ್ತಿನ್ಯಾಳ ಮನೆ. ಅವನನ್ನೇಕೆ ಬೈಯಲಿ? ಗುಂಡುಕಲ್ಲು ಎಸೆದವನು ನಾನು.

ಮಾರ್ಚ್ 20
ಆ ಕಲ್ಲುಗಳನ್ನು ವಾಪಸ್ ಕಳಿಸೋಣ ಎಂದು ಫ್ರೋಲ್ ನಿಕಿತಿಚ್‌ರ ಕಾಲು ಹಿಡಿದೆ.

“ರಾಶಿಗೆ ಬಿದ್ದ ಕಲ್ಲು ಬೀದೀದು ಕಣಯ್ಯಾ. ಗೇಟಿಂದಾಚೆ ಒಂದೂ ಹೋಗಕೂಡದು.”

“ಹೋಗ್ಲಿ, ನಾಲ್ಕು ದಿನ ರಜೆನಾದ್ರೂ ಕೊಡಿ ಬುದ್ಧಿ.”

“ಹಬ್ಬ ಆದ್ಮೇಲೆ ನೋಡೋಣ.”

ರಜೆಯಿಲ್ಲದೆ ಗೇಟು ಬಿಟ್ಟರೆ ಚಾವಟಿ ಏಟು. ಹೆದರಿದೆ. ನಾಚಿಕೆಯಾಗುತ್ತದೆ, ಆದರೂ ಹೆದರಿದೆ. ತಕ್ಷಣ ಹೊರಟು ಬಾ ಎಂದು ಪಂಕ್ರಾತ್ ಕೈಲಿ ಉಸ್ತಿನ್ಯಾಗೆ ಹೇಳಿ ಕಳಿಸಿದೆ.

ಮಾರ್ಚ್ 27
ಬರಲಿಲ್ಲ. “ಅಪ್ಪ ಮೊದ್ಲು ಬರಬೇಡ ಅಂದ್ರು, ಈಗ ಬಾ ಅಂತಾರೆ. ವಯಸ್ಸಾಯ್ತು ಪಾಪ,” ಎಂದು ನಕ್ಕಳಂತೆ. ಒಡ್ಡಿನ ವಿಷಯ ಹೇಳಿದೆಯಾ ಎಂದರೆ ಪಂಕ್ರಾತ್ ನೆಲ ನೋಡಿದ. “ಬಸುರಿ ಹೆಂಗಸು, ಸುಮ್ನೆ ಯಾಕೆ ಹೆದರ್ಸೋದು ಅಂತ...”

ಹಿಮ ಕರಗಿ ಸೂರಿನಿಂದ ತೊಟತೊಟ ನೀರು. ಹೇಳಲೇಬೇಕು ಎಂದು ಆಣೆ ಹಾಕಿಸಿ ಅಟ್ಟಿದೆ.

ಏಪ್ರಿಲ್ 2
ಅವರೂರಿನ ದಾರಿಯಿಂದ ಮೂರು ದಿನವಾಯಿತು, ಒಂದು ಗಾಡಿಯೂ ಬಂದಿಲ್ಲ. ಕೆಸರು — ಅದಕ್ಕೇ ಇರಬೇಕು. ಅದಕ್ಕೇ. ದೇವರೇ, ಭಯವಾಗುತ್ತಿದೆ.

ಏಪ್ರಿಲ್ 4, ಮಧ್ಯಾಹ್ನ
ತಕ್ಕಡಿಯ ಮುಂದೆ ಯಾರೋ ಬಂದು ನಿಂತರು. ತಲೆಯೆತ್ತದೆ, ರೂಢಿಯಂತೆ ಕೇಳಿದೆ, “ಕಲ್ಲೆಲ್ಲಿ?”

“ಗಾಡಿ ಇಲ್ಲ ಸ್ವಾಮಿ.”

ಪಂಕ್ರಾತ್. ಎದೆಯವರೆಗೂ ಕೆಸರು. ಕುದುರೆಯೂ ಇಲ್ಲ.

“ಉಸ್ತಿನ್ಯಾ?”

ಟೋಪಿ ತೆಗೆದ. “ಕೂತ್ಕೊಳ್ಳಿ ಸ್ವಾಮಿ,” ಎಂದ. ಕೂರಲಿಲ್ಲ. ಒಡ್ಡು ಒಡೆದದ್ದನ್ನು ಹೇಳಿದ, ಮನೆ ಕೊಚ್ಚಿಹೋದದ್ದನ್ನು ಹೇಳಿದ. ಆಮೇಲೆ ಅವನು ಹೇಳಿದ್ದು —