ರವಿವಾರ ಸಿಗದ ಢೋಲಕಿಯವ

28-9-2025, ರವಿವಾರ. ಮೂಡಲಗಿ.
ನಮ್ಮ ಆರ್ಕೆಸ್ಟ್ರಾ ತಾಲೀಮಿಗೆ ಇವತ್ತೂ ಸಾಗರ ಇಲ್ಲ. ಗೋಕಾಕ ಫಾಲ್ಸಿನಲ್ಲಿ ಪ್ರಾರ್ಥನೆಯಂತೆ. ಹದಿನಾಲ್ಕು ವರ್ಷ ನನ್ನ ಹಾರ್ಮೋನಿಯಂ ಪಕ್ಕ ಕೂತು ಢೋಲಕಿ ಬಾರಿಸಿದವ, ಒಂದೇ ಕ್ವಾರ್ಟರ್ ಬಾಟಲಿ ಹಂಚಿಕೊಂಡವ. ಈಗ ಯೇಸುವನ್ನು ನಂಬಿದ್ದಾನೆ. ಕುಡಿಯುವುದಿಲ್ಲ. ಬೈಯುವುದಿಲ್ಲ. ಸ್ಟೇಜ್ ಹತ್ತುವ ಮೊದಲು ಕಣ್ಣು ಮುಚ್ಚುತ್ತಾನೆ. ಥೂ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ.

1-10, ಖಂಡೇಪೂಜೆ.
ವಾದ್ಯಗಳನ್ನೆಲ್ಲ ಸಾಲಾಗಿಟ್ಟು ಪೂಜೆ. ನನಗೆ ದೇವರು ಗೀವರು ಏನೂ ಇಲ್ಲ, ಪದ್ಧತಿ ಅಷ್ಟೇ. ಸಾಗರ ತನ್ನ ಢೋಲಕಿ ಮಾತ್ರ ಮೂಲೆಯಲ್ಲಿಟ್ಟ. ಮೈ ಉರಿಯಿತು. ಅವನು ಚಹಾಕ್ಕೆ ಹೋದಾಗ ಕುಂಕುಮ ನೀರಲ್ಲಿ ಕಲಸಿ ಢೋಲಕಿಯ ಚರ್ಮಕ್ಕೆ ಬಳಿದೆ. ಜಗಳಾಡಲಿ ಎಂದೇ. ಬಂದ, ನೋಡಿದ, ಅಂಗಿಯ ತುದಿಯಿಂದ ಒರೆಸಿದ.
"ಸಿಟ್ಟಿದ್ರ ನನಗ ಬೈ, ಈಶ್ವರಣ್ಣಾ. ಹಸಿ ಆದ್ರ ಚರ್ಮ ಸಡಲ ಆಗತೈತಿ, ನಿನಗ ಗೊತ್ತಿಲ್ಲೇನು?"
ಢೋಲಕಿ ಎತ್ತಿಕೊಂಡು ಹೋದ. ಹೋಗಲಿ. ಜಿಲ್ಲೆಗೆ ಇವನೊಬ್ಬನೇ ಢೋಲಕಿಯವನೇ?

18-10.
ಬೆಲ್ಲದ ಬಾಗೇವಾಡಿ ಕಾರ್ಯಕ್ರಮಕ್ಕೆ ಸಾಗರನ ಬದಲು ಢೋಲಕಿಗೆ ಅಜಿತನನ್ನು ಕರೆಸಿದ್ದೆ. ಲಾವಣಿಗೂ ಭಾವಗೀತೆಗೂ ಒಂದೇ ತಾಳ, ಒಂದೇ ಠೇಕಾ. ಬಾರಿಸುವುದಿಲ್ಲ, ಹಿಟ್ಟು ನಾದುತ್ತಾನೆ, ಮಗ. ಜನ ಎದ್ದು ಹೋದರು. ಇನ್ನು ಹುಕ್ಕೇರಿಯದೂ ಹೀಗೇ ಕೆಟ್ಟರೆ ನಮ್ಮ ಆರ್ಕೆಸ್ಟ್ರಾ ಮುಗಿಯಿತು... ಸಾಗರನಿಗೆ ಫೋನ್ ಮಾಡಿದೆ. ಎತ್ತಿದ್ದು ಹೆಂಡತಿ ನಂದಿನಿ.
"ದಿನಾ ಪ್ರಾರ್ಥನಿಯೊಳಗ ನಿಮ್ಮ ಹೆಸರ ಮೊದಲ ತಗೋತಾರ್ರಿ ಅಣ್ಣಾರ."
ನನಗಾಗಿ ಬೇಡುತ್ತಾನಂತೆ. ಯಾರು ಕೇಳಿದ್ದರು? ಫೋನ್ ಕಟ್ ಮಾಡಿದೆ. ನಾಚಿಕೆಯಾಯಿತು. ಅದಕ್ಕೇ ಇನ್ನೂ ಸಿಟ್ಟು.

26-10, ರವಿವಾರ, ಸಂಜೆ.
ನಾಳೆ ಹುಕ್ಕೇರಿ. ಬೇರೆ ದಾರಿ ಇಲ್ಲದೆ ಫಾಲ್ಸಿಗೆ ಹೋದೆ. ತಗಡಿನ ಶೆಡ್ಡು, ಮೂವತ್ತು ಜನ, ಎಲ್ಲರದೂ ಅಳುಮೋರೆ. ಢೋಲಕಿ ಮಾತ್ರ ಅದೇ ಕೈ. ಹಾರ್ಮೋನಿಯಂನವನೋ ಶತಮೂರ್ಖ — ಕೋಮಲ ನಿಷಾದ ಇರಬೇಕಾದಲ್ಲೆಲ್ಲ ಶುದ್ಧ ಒತ್ತುತ್ತಿದ್ದ. ಪ್ರತಿ ಸಲ ಸಾಗರ ಮುಖ ಕಿವುಚುತ್ತಿದ್ದ. ಎಷ್ಟಂತ ಕೇಳುವುದು? ಚಪ್ಪಲಿ ಬಿಟ್ಟು ಒಳಗೆ ನಡೆದೆ. "ಸರೀರಿ" ಅಂದೆ. ಹಾರ್ಮೋನಿಯಂನವನನ್ನು ಎಬ್ಬಿಸಿ ಕೂತೆ. ಸ್ವರ ತಿದ್ದಲಿಕ್ಕೆ ಮಾತ್ರ. ದೇವರಿಗಾಗಿ ಖಂಡಿತ ಅಲ್ಲ.
ಮೂರು ಹಾಡು ನುಡಿಸಿದೆ. ಇಷ್ಟು ಚೆನ್ನಾಗಿ ನಾವಿಬ್ಬರೂ ವರ್ಷದಿಂದ ಕೂಡಿ ನುಡಿಸಿರಲಿಲ್ಲ.
ಹೊರಗೆ ಬಂದು ಕೇಳಿದೆ, "ನಾಳಿ ಹುಕ್ಕೇರಿಗೆ ಬರ್ತಿ ಇಲ್ಲೋ?"
"ಬರ್ತೇನಿ. ಮುಂದಿನ ರವಿವಾರ ನೀ ಇಲ್ಲಿ ಬರ್ತಿಯೇನು? ನಂಬಾಕ ಅಲ್ಲ. ಬಾರಸಾಕ."
ಹೋಗಲೇ ಹುಚ್ಚ ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು, "ಎಷ್ಟ ಗಂಟೇಕ?"